ಅಕ್ಕಾ, ಬ್ಯಾಗಿನಲ್ಲಿ ಕೊಬ್ಬರಿ ಇಡಬಹುದಾ?

ಓದುಗರ ಪ್ರಯಾಣದ ಪ್ರಶ್ನೆಗಳು, ಅಕ್ಕನ ಉತ್ತರಗಳು

ಹುಬ್ಬಳ್ಳಿ ಸ್ಟೇಷನ್ನಿನ ರಿಸರ್ವೇಶನ್ ಕೌಂಟರಿನಲ್ಲಿ 31 ವರ್ಷ ಕೂತವಳು ನಾನು. ಊರಿನವರನ್ನೆಲ್ಲ ಊರೂರಿಗೆ ಕಳಿಸಿದ್ದೇ ಕಳಿಸಿದ್ದು. ನಾನು ಮೊದಲ ಸಲ ವಿಮಾನ ಹತ್ತಿದ್ದು 54ನೇ ವಯಸ್ಸಿನಲ್ಲಿ. ಕೌಂಟರಿಗೆ ಬಂದವರು ಮೊದಲು ಎಲ್ಲಿಗೆ ಅಂತ ಹೇಳುತ್ತಿದ್ದರು. ನಾನು ಮಾತ್ರ "ಯಾರು ಹೋಗೋರು? ವಯಸ್ಸೆಷ್ಟು?" ಅಂತ ಕೇಳುತ್ತಿದ್ದೆ. ಆ ಚಾಳಿ ಇನ್ನೂ ಬಿಟ್ಟಿಲ್ಲ. ಈ ಸಲದ ಪತ್ರಗಳಿಗೂ ಅದೇ ಪ್ರಶ್ನೆಯಿಂದ ಶುರು.

ಪ್ರಶ್ನೆ: ಅಕ್ಕಾ, ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಬಾಣಂತನಕ್ಕೆ ಒಬ್ಬಳೇ ಹೊರಟಿದ್ದೇನೆ. ದುಬೈಯಲ್ಲಿ ವಿಮಾನ ಬದಲಿಸಬೇಕು. ಕೊಬ್ಬರಿ, ಗಸಗಸೆ, ಅಂಟು, ಕರಿಬೇವು, ತುಪ್ಪ, ಉಪ್ಪಿನಕಾಯಿ, ಸಾರಿನ ಪುಡಿ ಎಲ್ಲ ಪಟ್ಟಿ ಮಾಡಿಕೊಂಡಿದ್ದೇನೆ. ಯಾವುದು ಬಿಡಬೇಕು? ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ.
— ಓದುಗರೊಬ್ಬರು, ತಿಪಟೂರು

ತಿಪಟೂರಿನವರಿಗೆ ಕೊಬ್ಬರಿ ಬಿಟ್ಟು ಹೋಗಿ ಅಂತ ಹೇಳಬೇಕಾಗಿ ಬಂತಲ್ಲ, ಏನು ಮಾಡಲಿ! ಆದರೂ ಬಿಟ್ಟು ಹೋಗಿ. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ಸಾಮಾನುಗಳ ಸಾಲಿನಲ್ಲಿ ಅದೂ ಇದೆ. ಕೈಚೀಲಕ್ಕೂ ಬೇಡ, ದೊಡ್ಡ ಸೂಟ್‌ಕೇಸಿಗೂ ಬೇಡ.

ಇದನ್ನು ನಾನು ಕಲಿತ ಬಗೆ ಹೇಳುತ್ತೇನೆ. 2013ರಲ್ಲಿ ನಾನೂ ಮಗಳ ಬಾಣಂತನಕ್ಕೇ ಹೊರಟಿದ್ದೆ. ಸೂಟ್‌ಕೇಸ್ ಕೊಟ್ಟು, ಬೋರ್ಡಿಂಗ್ ಪಾಸ್ ತಗೊಂಡು, ಗೆದ್ದೆ ಅಂತ ಕೂತಿದ್ದೆ. ಮೈಕಿನಲ್ಲಿ ನನ್ನ ಹೆಸರು ಕೇಳಿಸಿತು. ಒಂದು ಸಣ್ಣ ರೂಮಿಗೆ ಕರೆದುಕೊಂಡು ಹೋದರು. ನನ್ನ ಸೂಟ್‌ಕೇಸ್ ಮೇಜಿನ ಮೇಲೆ ಕೂತಿತ್ತು. ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದ್ದ ಒಂಬತ್ತು ಕೊಬ್ಬರಿ ಬಟ್ಟಲು. ಅಲ್ಲಿದ್ದ ಹುಡುಗ ಕನ್ನಡದವನೇ. "ಅಮ್ಮಾ, ಇದು ಬೆಂಕಿ ಸಾಮಾನು" ಅಂದ. ನಾನು ನಕ್ಕೆ. ಅವನು ನಗಲಿಲ್ಲ. ಬಟ್ಟಲು ಅಲ್ಲೇ ಉಳಿದವು, ಸೀರೆ ತುಂಡು ಮಡಚಿ ಕೈಗೆ ಕೊಟ್ಟ.

ನೀವು ಅಂಟಿನುಂಡೆ ಕಟ್ಟಿಕೊಂಡೇ ಹೋಗಿ. ಉಂಡೆಯ ಒಳಗೆ ತುರಿದ ಕೊಬ್ಬರಿಗೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ. ನ್ಯೂಜೆರ್ಸಿಯ ಎಡಿಸನ್ ಕಡೆ ಓಕ್ ಟ್ರೀ ರಸ್ತೆ ಅಂತ ಇದೆ, ನಮ್ಮ ದೇಶದ ಅಂಗಡಿಗಳ ಸಾಲೇ ಅಲ್ಲಿದೆ. ಬಿಡಿ ಕೊಬ್ಬರಿಯನ್ನು ಅಳಿಯಂದಿರು ಅಲ್ಲೇ ತರಲಿ.

ಗಸಗಸೆ ಮಾತ್ರ ತಮಾಷೆಯ ಮಾತಲ್ಲ. ನಮಗೆ ಅದು ಪಾಯಸ. ದುಬೈ ಇರುವ ಯುಎಇಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಸಿಂಗಪುರಕ್ಕೂ ಒಯ್ಯುವಂತಿಲ್ಲ. ದುಬೈ ಮೇಲೆ ಹೋಗುವವರು ಒಂದು ಚಮಚವನ್ನೂ ಇಟ್ಟುಕೊಳ್ಳಬೇಡಿ. ಮಸಾಲೆ ಪುಡಿಗೆ ಗಸಗಸೆ ಹಾಕಿ ಕುಟ್ಟಿದ್ದರೆ ಅದನ್ನೂ ಬಿಡಿ.

ಹಸಿ ಕರಿಬೇವನ್ನು ಅಮೆರಿಕದವರು ಬಿಡುವುದಿಲ್ಲ. ಕರಿಬೇವು ನಿಂಬೆ, ಕಿತ್ತಳೆಯ ಬಳಗದ ಗಿಡ. ಕಿತ್ತಳೆ ತೋಟ ಹಾಳುಮಾಡುವ ರೋಗವನ್ನು ಹರಡುವ ಕೀಟ ಅದರ ಎಲೆಯ ಮೇಲೂ ಬದುಕುತ್ತದೆ. ಫ್ಲೋರಿಡಾದ ತೋಟಗಾರರು ಆ ರೋಗದಿಂದ ಬಹಳ ಕಳೆದುಕೊಂಡಿದ್ದಾರೆ. ಹಾಗಾಗಿ ಅವರ ಸಿಟ್ಟಿಗೆ ಕಾರಣ ಇದೆ.

ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಸಾರಿನ ಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟೂ ಸೂಟ್‌ಕೇಸಿಗೇ ಹೋಗಲಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಕೈಚೀಲದ ಪುಡಿ 350 ಮಿಲಿಲೀಟರಿಗಿಂತ ಜಾಸ್ತಿಯಿದ್ದರೆ ಬಿಚ್ಚಿಸಿ ನೋಡುತ್ತಾರೆ. ಪ್ರತಿ ಪೊಟ್ಟಣಕ್ಕೂ ಇಂಗ್ಲಿಷಿನಲ್ಲಿ ಹೆಸರು ಬರೆದು ಅಂಟಿಸಿ. ಇಳಿದ ಮೇಲೆ ತಿಂಡಿ ತಂದಿದ್ದೀರಾ ಅಂತ ಕೇಳಿದರೆ ಹೌದು ಅನ್ನಿ. ಹೌದು ಅಂದರೆ ಹೆಚ್ಚೆಂದರೆ ಒಂದೆರಡು ಪೊಟ್ಟಣ ತೆಗೆದಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಇಂಗ್ಲಿಷಿನ ಭಯಕ್ಕೆ ನನ್ನ ಮದ್ದು ವೀಲ್‌ಚೇರ್, ತಳ್ಳುವವರೇ ದಾರಿ ನೋಡಿ ಕರೆದೊಯ್ಯುತ್ತಾರೆ. ಟಿಕೆಟ್ ಮಾಡಿಸುವಾಗಲೇ ಕೇಳಿಕೊಳ್ಳಿ. ಕಾಲು ಗಟ್ಟಿಯಿದ್ದವರು ಕೇಳುವುದು ಸರಿಯಾ ಅಂತ ಕೆಲವರು ಮೂಗು ಮುರಿಯುತ್ತಾರೆ. ದುಬೈ ನಿಲ್ದಾಣದ ಉದ್ದ ನಡೆದು ನೋಡಿದ ಮೇಲೆ ಅವರೂ ಸುಮ್ಮನಾಗುತ್ತಾರೆ. ಮಗಳ ವಿಳಾಸ, ಫೋನ್ ನಂಬರ್, ವಾಪಸ್ ಟಿಕೆಟ್, ಗುಳಿಗೆಯ ಚೀಟಿ ಇಷ್ಟನ್ನೂ ಕಾಗದದಲ್ಲೇ ಇಟ್ಟುಕೊಳ್ಳಿ. ಫೋನಿನ ಚಾರ್ಜು ಬೇಕಾದಾಗಲೇ ಮುಗಿಯುತ್ತದೆ.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಹೆಸರು ಒಂದೇ ಪದ, ಸರ್‌ನೇಮ್ ಜಾಗ ಖಾಲಿ. ಗೆಳೆಯರ ಜೊತೆ ದುಬೈಗೆ ಹೊರಟಿದ್ದೇನೆ. ಏಜೆಂಟ್ 'ಈ ಪಾಸ್‌ಪೋರ್ಟ್ ನಡೆಯಲ್ಲ' ಅಂತಾರೆ. ದುಡ್ಡು ಕೀಳುವ ಆಟವಾ?
— ಓದುಗರೊಬ್ಬರು, ಮಂಡ್ಯ

ಈ ಸಲ ಏಜೆಂಟ್ ಹೇಳಿದ್ದರಲ್ಲಿ ಹುರುಳಿದೆ. 2022ರ ನವೆಂಬರಿನಿಂದ ಯುಎಇ ವಿಸಿಟ್ ವೀಸಾಕ್ಕೆ ಒಂಟಿ ಹೆಸರನ್ನು ಒಪ್ಪುತ್ತಿಲ್ಲ. ಪಾಸ್‌ಪೋರ್ಟಿನ ಹಿಂದಿನ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ನಡೆಯುತ್ತದೆ ಅಂತ ಆಮೇಲೆ ತಿಳಿಸಿದರು. ನಿಮ್ಮದರಲ್ಲಿ ತಂದೆಯ ಹೆಸರು ಇದೆಯಾ ನೋಡಿ. ಇದ್ದರೆ ವಿಮಾನದವರಿಗೆ ಆ ಪುಟದ ಫೋಟೋ ಕಳಿಸಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ. ಬಾಯಿಮಾತು ಕೌಂಟರಿನಲ್ಲಿ ನಿಲ್ಲುವುದಿಲ್ಲ. ಕೌಂಟರಿನ ಆ ಕಡೆ ಕೂತವಳು ಹೇಳುತ್ತಿದ್ದೇನೆ.

ಇದು ಹಳೇ ಮೈಸೂರು ಕಡೆಯವರ ಹಣೆಬರಹ. ನಮ್ಮ ಕಡೆ ಪುಣ್ಯಕ್ಕೆ ಎಲ್ಲರಿಗೂ ಅಡ್ಡಹೆಸರು ಇರುತ್ತದೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ. ಒಂದು ಫಾರ್ಮಿನಲ್ಲಿ ಮೂರೂ ಮನೆತನದವರ ಹೆಸರು ಬಂದಾಗ "ಸಂತೆಗೆ ಹೊಂಟೀರೇನ್ರಿ?" ಅಂತ ಕೇಳಿದ್ದೆ. ನಿಮ್ಮ ಕಡೆಯವರು ಬಂದರೆ ಬರೀ ಇನಿಷಿಯಲ್. ಊರಿಗೊಂದು, ತಾತನಿಗೊಂದು, ಅಪ್ಪನಿಗೊಂದು. ರೈಲ್ವೆ ಫಾರ್ಮಿನಲ್ಲಿ ಹೆಸರಿಗೆ ಇದ್ದದ್ದು 15 ಅಕ್ಷರ. ಇನಿಷಿಯಲ್ಲೇ ನಾಲ್ಕು ಮನೆ ತಿಂದರೆ ಹೆಸರನ್ನು ಎಲ್ಲಿಗೆ ಕತ್ತರಿಸೋದು ಅಂತ ನಾನೂ ಅವರೂ ಚರ್ಚೆ ಮಾಡುತ್ತಿದ್ದೆವು.

ಮುಂದೆಯೂ ಓಡಾಡುವ ಆಸೆ ಇದ್ದರೆ ಪಾಸ್‌ಪೋರ್ಟನ್ನು ಸರ್‌ನೇಮ್ ಹಾಕಿಸಿ ಮರು ಮಾಡಿಸಿ. ಆಮೇಲೆ ವೀಸಾ, ಟಿಕೆಟ್, ಹೋಟೆಲ್ ಎಲ್ಲದರಲ್ಲೂ ಅದೇ ಕಾಗುಣಿತ ಇರಲಿ. ಅವಧಿಯನ್ನೂ ನೋಡಿಕೊಳ್ಳಿ. ಹೋಗುವ ದಿನದಿಂದ ಆರು ತಿಂಗಳಾದರೂ ಪಾಸ್‌ಪೋರ್ಟಿಗೆ ಜೀವ ಇರಬೇಕು ಅಂತ ಬಹಳ ದೇಶಗಳು ಕೇಳುತ್ತವೆ.

ಪ್ರಶ್ನೆ: ಅಪ್ಪನಿಗೆ 74, ಅವ್ವನಿಗೆ 69. ಕಾಶಿಗೆ ಕರೆದುಕೊಂಡು ಹೋಗಬೇಕು. ನಾವು ಮೂವರೇ. ರೈಲಿನಲ್ಲೇ ಹೋಗೋಣ ಅಂತಾರೆ ಅಪ್ಪ. ಹೇಗೆ ಮಾಡಲಿ?
— ಓದುಗರೊಬ್ಬರು, ಹಾವೇರಿ

ಈ ಪ್ರಶ್ನೆ ಬಂದ ದಿನ ನನಗೆ ಹಬ್ಬ.

ಮೊದಲು ಬರ್ತ್. ಮೂವರಿಗೂ ಒಂದೇ ಟಿಕೆಟ್ ಮಾಡಬೇಡಿ. ಹಿರಿಯರಿಗಾಗಿ ಲೋವರ್ ಬರ್ತಿನ ಬೇರೆ ಕೋಟಾ ಇದೆ. ಗಂಡಸರಿಗೆ 60, ಹೆಂಗಸರಿಗೆ 45 ದಾಟಿರಬೇಕು. ಅದು ಸಿಗುವುದು ಒಬ್ಬರೇ ಇದ್ದಾಗ ಅಥವಾ ಇಬ್ಬರೇ ಇದ್ದಾಗ. ನಡುವೆ ನಿಮ್ಮ ಹೆಸರು ಸೇರಿಸಿದರೆ ಆ ಕೋಟಾ ಹೋಯಿತು. ಅಪ್ಪ ಅವ್ವನದು ಒಂದು ಪಿಎನ್‌ಆರ್, ನಿಮ್ಮದು ಇನ್ನೊಂದು. ಎಷ್ಟೋ ಮಕ್ಕಳು "ಎಲ್ಲರೂ ಒಟ್ಟಿಗೆ ಇರಲಿ ಮೇಡಂ" ಅಂತ ಹಟ ಹಿಡಿದು, ಕೊನೆಗೆ ಅಪ್ಪನನ್ನು ಮಿಡಲ್ ಬರ್ತಿಗೆ ಹತ್ತಿಸಿದ್ದನ್ನು ಕಂಡಿದ್ದೇನೆ. ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ಮೊದಲು 120 ಇತ್ತು, 2024ರ ನವೆಂಬರಿನಲ್ಲಿ ಇಳಿಸಿದರು. ಹಿರಿಯರ ರಿಯಾಯಿತಿ 2020ರಲ್ಲೇ ನಿಂತಿದೆ. ಅಪ್ಪನಿಗೆ ಮೊದಲೇ ಹೇಳಿಬಿಡಿ, ಕೌಂಟರಿನಲ್ಲಿ ಜಗಳ ಬೇಡ.

ಎರಡನೆಯದು ಸ್ಟೇಷನ್ನಿನ ಹೆಸರು. ಆ ಊರಿನಲ್ಲಿ ವಾರಾಣಸಿ ಜಂಕ್ಷನ್ ಒಂದು, ವಾರಾಣಸಿ ಸಿಟಿ ಇನ್ನೊಂದು. ಮಂಡುವಾಡೀಹ್ ಅಂತಿದ್ದದ್ದು 2021ರಲ್ಲಿ ಬನಾರಸ್ ಆಯಿತು. ಇವೆಲ್ಲ ಸಾಲದು ಅಂತ ಬರೀ ಕಾಶಿ ಅನ್ನುವ ಸ್ಟೇಷನ್ನೂ ಇದೆ. ನಾನು ಹೊಸದಾಗಿ ಕೌಂಟರಿಗೆ ಬಂದಾಗ ಅಜ್ಜ ಒಬ್ಬರು ಫಾರ್ಮಿನಲ್ಲಿ ಕಾಶಿ ಅಂತ ಬರೆದಿದ್ದರು. ವಾರಾಣಸಿ ಅಂತ ತಿದ್ದಿದೆ. "ನಾನು ಹೊಂಟಿದ್ದು ಕಾಶಿಗಿ, ನೀ ಬ್ಯಾರೆ ಊರಿಗಿ ಕಳಸಬ್ಯಾಡ ತಂಗಿ" ಅಂತ ಕಣ್ಣು ಕೆಂಪು ಮಾಡಿದರು. ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್ ಹಿಡಿದರೆ ಇಳಿಯುವುದು ದೀನದಯಾಳ್ ಉಪಾಧ್ಯಾಯ ಜಂಕ್ಷನ್ನಿನಲ್ಲಿ. ಅದೇ ಹಳೇ ಮೊಘಲ್‌ಸರಾಯ್, ಗಂಗೆಯ ಈ ಕಡೆ. ಅಲ್ಲಿಂದ ಕಾರು ಮಾಡಿಕೊಳ್ಳಿ. ರೈಲಿನಲ್ಲಿ ಎರಡು ರಾತ್ರಿ ಕಳೆಯಬೇಕು. ಅಪ್ಪನ ಹಟ ಸರಿಯೇ, ಆದರೆ ಬರುವಾಗ ವಿಮಾನ ನೋಡಿ.

ಕಾಶಿಯಲ್ಲಿ ಕಷ್ಟ ಕೊಡುವುದು ಜನಸಂದಣಿಗಿಂತ ಮೆಟ್ಟಿಲು. ಘಾಟ್‌ಗಳ ಕಲ್ಲಿನ ಮೆಟ್ಟಿಲು ಎತ್ತರ, ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ನನ್ನ ಅತ್ತೆ ಇಳಿಯುವಾಗ ಸರಸರ ಇಳಿದರು. ಹತ್ತುವಾಗ ಹನ್ನೊಂದನೇ ಮೆಟ್ಟಿಲಲ್ಲಿ ಕೂತು "ನಾ ಇಲ್ಲೇ ಇರ್ತೀನಿ, ಹೆಂಗೂ ಕಾಶಿ" ಅಂದುಬಿಟ್ಟರು. ಅದಕ್ಕೇ ಹೇಳುವುದು, ಆರತಿಯನ್ನು ದೋಣಿಯಲ್ಲಿ ಕೂತು ನೋಡಿ. ಅಸ್ಸಿ ಘಾಟಿನಲ್ಲಿ ಹತ್ತಿ, ಕತ್ತಲಾಗುವ ಹೊತ್ತಿಗೆ ದಶಾಶ್ವಮೇಧ ಮುಟ್ಟಿದರೆ ಸಾಕು. ಮಳೆಗಾಲದಲ್ಲಿ ನೀರು ಏರಿದರೆ ದೋಣಿ ನಿಲ್ಲಿಸುತ್ತಾರೆ. ಕಾರ್ತಿಕದಲ್ಲಿ ಹೋದರೆ ಆ ಚಿಂತೆ ಕಡಿಮೆ, ಜನ ಜಾಸ್ತಿ.

ಉಳಿಯಲು ಜಂಗಮವಾಡಿ ಮಠದ ಸುತ್ತ ಅಥವಾ ಹನುಮಾನ್ ಘಾಟಿನ ಕಡೆ ನೋಡಿ. ಅಲ್ಲಿ ದಕ್ಷಿಣದವರ ಓಡಾಟ ಇದೆ, ಅನ್ನ ಸಾರು ಸಿಗುತ್ತದೆ. ವಿಶ್ವನಾಥನ ಗುಡಿಯೊಳಗೆ ಫೋನ್ ಬಿಡುವುದಿಲ್ಲ, ಲಾಕರಿನಲ್ಲಿ ಇಡಬೇಕು. ಫೋನ್ ಇಲ್ಲದೆ ಮೂವರು ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಪಿಂಡ ಇಡಿಸುವುದಿದ್ದರೆ ಒಟ್ಟು ಎಷ್ಟು ಅಂತ ಕೂರುವ ಮುಂಚೆ ಕೇಳಿ. ನಾವು "ನಿಮ್ಮ ಮನಸ್ಸಿಗೆ ಬಂದಷ್ಟು" ಅನ್ನುವ ಮಾತಿಗೆ ಕೂತು, ಏಳುವಾಗ ಒಂದೊಂದು ಎಲೆಗೂ ಬೇರೆ ಲೆಕ್ಕ ಕೇಳಿಸಿಕೊಂಡೆವು.

ಪ್ರಶ್ನೆ: 11 ದಿನದಲ್ಲಿ ಯುರೋಪಿನ 7 ದೇಶ ಅಂತ ಪ್ಯಾಕೇಜ್ ಇದೆ. ನಾವಿಬ್ಬರೂ ರಿಟೈರ್ ಆಗಿದ್ದೇವೆ. ತಗೊಳ್ಳಬಹುದಾ?
— ಓದುಗರೊಬ್ಬರು, ಶಿವಮೊಗ್ಗ

ತಗೊಳ್ಳಿ, ಬಸ್ಸಿನ ಸೀಟು ಇಷ್ಟವಿದ್ದರೆ.

2018ರಲ್ಲಿ ನಾವೂ ಅಂಥದ್ದೇ ಒಂದರಲ್ಲಿ ಹೋದೆವು. ಬೆಳಿಗ್ಗೆ ಆರಕ್ಕೆ ಏಳು, ಏಳಕ್ಕೆ ತಿಂಡಿ, ಎಂಟಕ್ಕೆ ಬಸ್. ಐಫೆಲ್ ಗೋಪುರದ ಮುಂದೆ ಫೋಟೋಕ್ಕೆ ಕೊಟ್ಟದ್ದು 20 ನಿಮಿಷ. ನಮ್ಮ ಮನೆಯವರು ಯಾವ ಊರಿನಲ್ಲಿ ಯಾವ ಇಗರ್ಜಿ ನೋಡಿದೆವು ಅನ್ನುವುದನ್ನು ಈಗಲೂ ಫೋಟೋ ನೋಡಿ ಹೇಳುತ್ತಾರೆ, ಅದೂ ತಪ್ಪಾಗಿ. ನನಗೆ ನೆನಪಿರುವುದು ಸ್ವಿಟ್ಜರ್ಲೆಂಡಿನ ಲೂಸರ್ನ್ ಒಂದೇ. ಅವತ್ತು ಬಸ್ ಕೆಟ್ಟಿತ್ತು. ಮೂರು ಗಂಟೆ ಪುಕ್ಕಟೆ ಸಿಕ್ಕಿತು. ಮರದ ಹಳೇ ಸೇತುವೆಯ ಮೇಲೆ ಆಚೆ ಈಚೆ ನಡೆದೆವು. 14ನೇ ಶತಮಾನದ್ದು. 1993ರಲ್ಲಿ ಬಹುಪಾಲು ಸುಟ್ಟು ಹೋಗಿ, ಮತ್ತೆ ಕಟ್ಟಿದ್ದಾರೆ. ಮಾಡಿನ ಕೆಳಗೆ ತ್ರಿಕೋನದ ಹಲಗೆಗಳ ಮೇಲೆ ಚಿತ್ರ ಬಿಡಿಸಿದ್ದಾರೆ. ಕೆಲವು ಹಲಗೆ ಇನ್ನೂ ಕರಕಲಾಗಿಯೇ ಇವೆ. ಬೀದಿಯ ಕಾರಂಜಿಯಲ್ಲಿ ಬಾಟಲಿಗೆ ನೀರು ತುಂಬಿಸಿ, ಚಪಾತಿ ಚಟ್ನಿಪುಡಿ ತಿಂದೆವು. ಅಷ್ಟೇ.

ಹಾಗಾಗಿ ಪ್ಯಾಕೇಜ್ ಕೊಡುವವರನ್ನು ಎಷ್ಟು ದೇಶ ಅಂತ ಕೇಳಬೇಡಿ. ದಿನಕ್ಕೆ ಬಸ್ಸಿನಲ್ಲಿ ಎಷ್ಟು ಗಂಟೆ, ಒಂದೇ ಹೋಟೆಲಿನಲ್ಲಿ ಎರಡು ರಾತ್ರಿ ಎಷ್ಟು ಸಲ, ಇವೆರಡು ಕೇಳಿ. ಮುಖ ನೋಡಿದರೇ ಗೊತ್ತಾಗುತ್ತದೆ.

ನೀವೇ ಹೋಗುವುದಾದರೆ ಎರಡೇ ದೇಶ ಆರಿಸಿ. ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ವೀಸಾ ನಡೆಯುತ್ತದೆ, ಅದೇ ಷೆಂಗೆನ್ ವೀಸಾ. ಅದಕ್ಕೆ ಜಾಸ್ತಿ ದಿನ ಇರುವ ದೇಶದವರಿಗೇ ಅರ್ಜಿ ಹಾಕಬೇಕು. ಸಮ ಸಮ ಇದ್ದರೆ ಮೊದಲು ಕಾಲಿಡುವ ದೇಶ. ಆರು ತಿಂಗಳು ಮುಂಚಿನಿಂದಲೂ ಅರ್ಜಿ ಹಾಕಬಹುದು. 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ವಯಸ್ಸಾದವರು ಅದರಲ್ಲಿ ಬಿಪಿ, ಸಕ್ಕರೆ ಕಾಯಿಲೆ ಸೇರಿದೆಯಾ ಅಂತ ಸಣ್ಣಕ್ಷರ ಓದಬೇಕು. ಅಂಗಡಿಯ ಕಾರ್ಡ್ ಮೆಷಿನ್ "ರೂಪಾಯಿಯಾ, ಯೂರೋನಾ" ಅಂತ ಕೇಳುತ್ತದೆ. ರೂಪಾಯಿ ಕಂಡು ಬೆರಳು ಅಲ್ಲಿಗೇ ಹೋಗುತ್ತದೆ. ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರದೇ ದರ, ನಮಗೆ ನಷ್ಟ. ಶೌಚಾಲಯಕ್ಕೆ ಚಿಲ್ಲರೆ ನಾಣ್ಯ ಇರಲಿ. ಮತ್ತೆ, ಖಾಲಿ ನೀರಿನ ಬಾಟಲಿ ಒಂದು ಚೀಲದಲ್ಲಿ ಇರಲಿ. ಯಾಕೆ ಅಂತ ಅಲ್ಲಿ ಹೋದ ಮೇಲೆ ತಿಳಿಯುತ್ತದೆ.

ಪ್ರಶ್ನೆ: ನಾವು ಅತ್ತಿಗೆ–ನಾದಿನಿ, ವಯಸ್ಸು 66 ಮತ್ತು 58. ನೇಪಾಳದ ಮುಕ್ತಿನಾಥಕ್ಕೆ ಹೋಗುವ ಆಸೆ. ಪಾಸ್‌ಪೋರ್ಟ್ ಇಲ್ಲ, ಆಧಾರ್ ಇದೆ. ಸಾಕಾ?
— ಓದುಗರೊಬ್ಬರು, ಉಡುಪಿ

ಯಾರು ಹೋಗೋರು ಅಂತ ನಾನು ಕೇಳುವುದು ಸುಮ್ನೆ ಅಲ್ಲ. ನಿಮ್ಮಿಬ್ಬರಲ್ಲಿ 66ರವರಿಗೆ ಆಧಾರ್ ಸಾಕು, 58ರವರಿಗೆ ಸಾಲದು! ವಿಮಾನದಲ್ಲಿ ನೇಪಾಳಕ್ಕೆ ಹೋಗುವಾಗ 15ರಿಂದ 65ರವರೆಗಿನವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಬೇಕು. ಚಿಕ್ಕವರು ವೋಟರ್ ಕಾರ್ಡ್ ಹುಡುಕಿಕೊಳ್ಳಲಿ. ಅಸಲು ಕಾರ್ಡೇ ಬೇಕು, ಜೆರಾಕ್ಸ್ ಅಲ್ಲ.

ಮುಕ್ತಿನಾಥಕ್ಕೆ ಪೋಖರಾದಿಂದ ಜೋಮ್ಸೋಮಿಗೆ ಸಣ್ಣ ವಿಮಾನ, ಅಲ್ಲಿಂದ ಜೀಪು. ಆ ವಿಮಾನ ಬೆಳಿಗ್ಗೆ ಮಾತ್ರ ಹಾರುತ್ತದೆ. ಹೊತ್ತು ಏರಿದ ಮೇಲೆ ಕಾಳಿಗಂಡಕಿ ಕಣಿವೆಯಲ್ಲಿ ಬೀಸುವ ಗಾಳಿಗೆ ಪೈಲಟ್‌ಗಳೇ ಕೈಮುಗಿಯುತ್ತಾರೆ. ಮೋಡ ಇದ್ದರೆ ಬೆಳಿಗ್ಗೆಯೂ ಇಲ್ಲ. ನಾವು ಪೋಖರಾದಲ್ಲಿ ಎರಡು ದಿನ ಸರೋವರ ನೋಡುತ್ತ ಕೂತೆವು. ಮುಂದಿನ ಹೋಟೆಲಿನ ದುಡ್ಡು ಹೋಯಿತು. ನೀವು ಎರಡು ದಿನ ಖಾಲಿ ಇಟ್ಟುಕೊಂಡೇ ಹೊರಡಿ.

ಗುಡಿ ಇರುವುದು 3,700 ಮೀಟರಿಗೂ ಎತ್ತರದಲ್ಲಿ. ಗುಡಿಯ ಹಿಂದೆ ಗೋಮುಖದ 108 ಧಾರೆಗಳು. ಮಡಿಯವರು 108ರ ಕೆಳಗೂ ಓಡಬೇಕು ಅಂತ ಹೊರಡುತ್ತಾರೆ. ನಾನು ಮೂರಕ್ಕೆ ನಿಲ್ಲಿಸಿದೆ. ನೆತ್ತಿಗೆ ಸೂಜಿ ಚುಚ್ಚಿದ ಹಾಗಿತ್ತು. ಬಿಪಿ ಇದ್ದರೆ ಕೈಯಲ್ಲಿ ಹಿಡಿದು ಪ್ರೋಕ್ಷಣೆ ಮಾಡಿಕೊಳ್ಳಿ, ದೇವರೇನೂ ಲೆಕ್ಕ ಇಡುವುದಿಲ್ಲ. ಶಾಲಿಗ್ರಾಮ ಹುಟ್ಟುವ ನದಿ ಇದೇ ಕಾಳಿಗಂಡಕಿ.

ಕಠ್ಮಂಡುವಿನಲ್ಲಿ ಪಶುಪತಿನಾಥನ ಗುಡಿಗೆ ಹೋಗಿ. ಅಲ್ಲಿನ ಮೂಲ ಅರ್ಚಕರು ನಮ್ಮ ಕಡೆಯ ಭಟ್ಟರು, ಬಹಳ ಕಾಲದಿಂದ ನಡೆದು ಬಂದ ಪದ್ಧತಿ. ಜನ ಕಡಿಮೆ ಇರುವ ಹೊತ್ತಾದರೆ ಕನ್ನಡದಲ್ಲಿ ನಾಲ್ಕು ಮಾತು ಸಿಗಬಹುದು. ಗಡಿಯಾರವನ್ನು 15 ನಿಮಿಷ ಮುಂದೆ ಇಟ್ಟುಕೊಳ್ಳಿ. ಅವರ ಸಮಯ ನಮಗಿಂತ ಅಷ್ಟೇ ಮುಂದೆ.

ಪ್ರಶ್ನೆ: ಬೆಂಗಳೂರಿನಿಂದ ಲೇಹ್‌ಗೆ ವಿಮಾನ, ಮರುದಿನವೇ ಬೈಕಿನಲ್ಲಿ ಖಾರ್ದುಂಗ್ ಲಾ. ಐದು ದಿನದ ಪ್ಲಾನ್. ಹೇಗಿದೆ?
— ಕಾಲೇಜು ಹುಡುಗರು, ತುಮಕೂರು

ಕೆಟ್ಟದಾಗಿದೆ. ನಮ್ಮ ರಾಜ್ಯದ ಎತ್ತರದ ತುದಿ ಮುಳ್ಳಯ್ಯನಗಿರಿಯೇ 1,930 ಮೀಟರ್. ಲೇಹ್ ಊರೇ 3,500. ಖಾರ್ದುಂಗ್ ಲಾ ಅನ್ನುವ ಬೆಟ್ಟದ ದಾರಿ 5,300ರ ಮೇಲೆ. ಮೈ ಆ ಎತ್ತರಕ್ಕೆ ಒಗ್ಗಬೇಕು. ಮೊದಲ ಎರಡು ದಿನ ಮಲಗಿ, ನೀರು ಕುಡಿಯಿರಿ, ಪೇಟೆಯಲ್ಲಿ ನಿಧಾನ ನಡೆಯಿರಿ. ನಮ್ಮ ಮನೆಯವರು "ನೃಪತುಂಗ ಬೆಟ್ಟ ದಿನಾ ಹತ್ತುವವನು ನಾನು" ಅಂತ ಮೊದಲ ಸಂಜೆಯೇ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿದರು. ರಾತ್ರಿಯೆಲ್ಲ ತಲೆ ಹಿಡಿದುಕೊಂಡು ವಾಂತಿ. ಎತ್ತರದ ಬಾಧೆಗೆ ತಗೊಳ್ಳುವ ಗುಳಿಗೆಯ ವಿಷಯ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಒಬ್ಬರಾದರೂ ಪೋಸ್ಟ್‌ಪೇಯ್ಡ್ ಮಾಡಿಕೊಳ್ಳಿ. ಐದು ದಿನವನ್ನು ಎಂಟು ಮಾಡಿ. ಆಗದಿದ್ದರೆ ಚಿಕ್ಕಮಗಳೂರು ಹತ್ತಿರವೇ ಇದೆ.

ಪ್ರಶ್ನೆ: ಅಕ್ಕಾ, ನನಗೆ 23. ಮೊದಲ ಸಲ ಒಬ್ಬಳೇ ಹೊರಟಿದ್ದೇನೆ, ಬೆಂಗಳೂರಿನಿಂದ ಕನ್ಯಾಕುಮಾರಿಗೆ, ರೈಲಿನಲ್ಲಿ. ಅಮ್ಮ ಒಪ್ಪಿದ್ದಾರೆ, ಆದರೆ ದಿನಾ ಅಳುತ್ತಾರೆ.
— ಓದುಗಳೊಬ್ಬಳು, ಬಳ್ಳಾರಿ

ತಂಗೀ, ಅಪ್ಪರ್ ಬರ್ತ್ ತಗೋ. ಚೀಲ ತಲೆದಿಂಬು ಮಾಡಿಕೋ. ರೈಲ್ವೆ ಸಹಾಯವಾಣಿಯ 139 ನಂಬರ್ ಫೋನಿನಲ್ಲಿ ಇರಲಿ. ರಾತ್ರಿ ಹೊರಡುವ ರೈಲು ಮರುದಿನ ಮಧ್ಯಾಹ್ನದ ಮೇಲೆ ಮುಟ್ಟಿಸುತ್ತದೆ. ಬೆಳಕಿರುವಾಗಲೇ ಇಳಿಯುವ ಹಾಗೆ ನೋಡಿಕೊಂಡದ್ದು ಜಾಣತನ. ಬೆಳಗಾಗುವ ಹೊತ್ತಿಗೆ ರೈಲು ಕೇರಳದಲ್ಲಿರುತ್ತದೆ, ಹಿನ್ನೀರು ನೋಡಲು ಬಾಗಿಲ ಹತ್ತಿರ ಮಾತ್ರ ನಿಲ್ಲಬೇಡ. ವಿವೇಕಾನಂದ ಬಂಡೆಗೂ ತಿರುವಳ್ಳುವರ್ ಮೂರ್ತಿಗೂ ನಡುವೆ 2024ರ ಕೊನೆಯಲ್ಲಿ 77 ಮೀಟರಿನ ಗಾಜಿನ ಸೇತುವೆ ತೆರೆದಿದ್ದಾರೆ. ನಾನು ಹೋದಾಗ ಇರಲಿಲ್ಲ.

ಅಮ್ಮನಿಗೆ ಲೊಕೇಶನ್ ಕಳಿಸುವುದರ ಜೊತೆಗೆ ಹೊತ್ತು ಗೊತ್ತುಮಾಡಿ ಫೋನ್ ಮಾಡು. ಬೆಳಿಗ್ಗೆ ಎಂಟು, ರಾತ್ರಿ ಎಂಟು. ಅವರು ಆ ಹೊತ್ತಿಗಾಗಿ ಕಾಯುತ್ತಾರೆ, ನಡುವೆ ಅಳುವುದು ಕಡಿಮೆಯಾಗುತ್ತದೆ. ನನ್ನ ಮಗಳ ಜೊತೆ ಮಾಡಿ ನೋಡಿದ್ದೇನೆ, ಅಳುತ್ತಿದ್ದವಳು ನಾನೇ. ಮತ್ತೆ ಅಲ್ಲಿನ ಅಂಚೆ ಕಚೇರಿಯಿಂದ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡ್ ಹಾಕು. ಓದುಗರು ಕಳಿಸಿದ ಕಾರ್ಡುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಕನ್ಯಾಕುಮಾರಿಯದು ಇನ್ನೂ ಬಂದಿಲ್ಲ.